ನಾಲಬಂದ ನಬಿಸಾಬ ದಾಟದ ದಿನ

ಏಕಸಂಬಿಯ ನಾಲಬಂದರ ಮನೆತನಕ್ಕೆ ಮೂಲಪುರುಷ ಅಪ್ಪಾಲಾಲ. ದೂಧಗಂಗೆ ಉಕ್ಕಿ ಕೆಳಗಿನ ಓಣಿಗೆ ನೀರು ನುಗ್ಗಿದ ವರ್ಷ ಜನ ಗಂಟುಮೂಟೆ ಬಂಡಿಗೇರಿಸಿ ದಿನ್ನೆಗೆ ಓಡುತ್ತಿದ್ದರಂತೆ. ಇವನು ಮನೆಯ ಕಾಳುಕಡಿಯನ್ನೆಲ್ಲ ಬಿಟ್ಟು ನಾಲಿನ ಚೀಲವೊಂದನ್ನೇ ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರು ದಾಟಿದ. ಎತ್ತಿನ ಗೊರಸಿಗೆ ಬಡಿಯುವ ಕಬ್ಬಿಣದ ಲಾಳಕ್ಕೆ ನಮ್ಮ ಕಡೆ ನಾಲು ಎನ್ನುತ್ತೇವೆ, ಅದನ್ನು ಬಡಿಯುವವನು ನಾಲಬಂದ. ದಿನ್ನೆಯ ಕಲ್ಲುದಾರಿಯಲ್ಲಿ ಗೊರಸು ಸವೆದು ನಿಂತುಬಿಟ್ಟ ಎತ್ತುಗಳಿಗೆ ಅಪ್ಪಾಲಾಲ ಮೂರು ದಿನ ನಾಲು ಬಡಿದ. ಕಾಳು ಹೊತ್ತುಕೊಂಡು ಬಂದವರು ಇವನನ್ನು ಕರೆದು ಉಣ್ಣಿಸಿದರು.

ಅವನ ಮಗ ಬಾಪುಲಾಲ. ಬೈಗುಳವಿಲ್ಲ, ಬಾರುಕೋಲಿಲ್ಲ, ಒಂದೇ ಹಗ್ಗದಲ್ಲಿ ಖಿಲಾರಿ ಎತ್ತನ್ನು ಕೂಸು ಮಲಗಿಸಿದ ಹಾಗೆ ನೆಲಕ್ಕೆ ಮಲಗಿಸುತ್ತಿದ್ದ. ಕೆಡವುವ ಮುಂಚೆ ಎತ್ತಿನ ಕಿವಿಯಲ್ಲಿ ಬಿಸ್ಮಿಲ್ಲಾ ಎಂದು, ರೈತನ ಕಡೆ ತಿರುಗಿ, "ನಿಮ್ಮ ಬಸವಣ್ಣನ ಹೆಸರು ನೀವು ಹೇಳ್ರಿ. ಎರಡೂ ಕಡಿಂದ ಹಿಡಕೊಂಡರ ಗಟ್ಟಿ" ಎನ್ನುತ್ತಿದ್ದನೆಂದು ನನ್ನ ಅಪ್ಪ ಹೇಳುತ್ತಿದ್ದ.

ಬಾಪುಲಾಲನ ಮಗ ದಸ್ತಗೀರ ನನ್ನ ಗೆಳೆಯ. ಎತ್ತು ಒದ್ದು ಮುಂದಿನ ಎರಡು ಹಲ್ಲು ಉದುರಿದಾಗ, "ಇನ್ನ ಸೀಟಿ ಹೊಡಿಯಾಕ ಹಗುರಾತು" ಎಂದು ನಕ್ಕವನು. ಅವನು ಮನೆಗೆ ಎರಡು ಮಾತು ಕಟ್ಟಿಟ್ಟು ಹೋದ. ಬರಿಗಾಲಲ್ಲಿ ಬಂದ ಎತ್ತನ್ನು ನಾಲಬಂದ ಬಾಗಿಲಿನಿಂದ ತಿರುಗಿಸಬಾರದು ಎಂಬುದು ಒಂದು. ನಮ್ಮ ಮೊಳೆಯಿಂದ ಕುಂಟಿದ ಎತ್ತು ನಮ್ಮ ಬಾಗಿಲಲ್ಲೇ ನಿಲ್ಲಬೇಕು, ಅದು ಕಲ್ಲಿನ ಮೇಲೆ ಕುಂಟದೆ ನಡೆಯುವ ತನಕ ಅದರ ಮೇವು, ನೀರು, ಆರೈಕೆ ನಮ್ಮದು ಎಂಬುದು ಇನ್ನೊಂದು. ದಸ್ತಗೀರನ ನಲವತ್ತು ವರ್ಷದ ಕಸುಬಿನಲ್ಲಿ ಹಾಗೆ ಅವನ ಬಾಗಿಲಲ್ಲಿ ನಿಂತ ಎತ್ತು ಒಂದೇ. ಅವನ ಮಗ ನಬಿಸಾಬ ಈ ಎರಡು ಮಾತಿನ ನಡುವೆ ಸಿಕ್ಕಿಬಿದ್ದ.

ನಬಿಸಾಬನಿಗೆ ಈಗ ಐವತ್ತೆರಡು. ನನ್ನ ಎತ್ತುಗಳಿಗೆ ಮೂವತ್ತು ವರ್ಷ ಅವನೇ ನಾಲು ಬಡಿದಿದ್ದಾನೆ. ಎತ್ತಿನ ಗೊರಸು ಸೀಳುಗೊರಸು, ಒಂದು ಕಾಲಿಗೆ ಎರಡು ನಾಲು, ಒಂದು ಎತ್ತಿಗೆ ಎಂಟು. ಕಬ್ಬಿನ ಹಂಗಾಮು ಸುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಟೈರಿನ ಬಂಡಿಗಳ ಸಾಲು. ಡಾಂಬರು ಗೊರಸನ್ನು ಅರದಂತೆ ಉಜ್ಜುತ್ತದೆ. ನಾಲಬಂದ ಹೊತ್ತು ಮೂಡಿದಾಗ ಬಗ್ಗಿದರೆ ಮುಳುಗುವಾಗಲೇ ಎದ್ದುನಿಲ್ಲುವುದು. ಮೊಳೆ ಹೋಗಬೇಕಾದ ಅಂಚು ಬೆರಳಿನ ಅಗಲವೂ ಇರುವುದಿಲ್ಲ. ಹೊರಗೆ ಹೋದರೆ ನಾಲು ನಿಲ್ಲದು, ಒಳಗೆ ಹೋದರೆ ಗೊರಸಿನೊಳಗಿನ ಹಸಿಮಾಂಸಕ್ಕೆ, ಅಂದರೆ ಜೀವಕ್ಕೆ, ತಾಗುತ್ತದೆ. ನಬಿಸಾಬ ಕಣ್ಣಿಗಿಂತ ಕಿವಿಯನ್ನು ನಂಬುತ್ತಿದ್ದ. ಹತೋಡಿಯ ಪೆಟ್ಟು ಟಣ್ ಎಂದರೆ ಮೊಳೆ ಗಟ್ಟಿ ಗೊರಸಿನಲ್ಲಿದೆ, ಟಪ್ ಎಂದರೆ ಜೀವದ ಹತ್ತಿರ ಬಂತು.

ಒಂಬತ್ತು ವರ್ಷದ ಹಿಂದೆ ಅಥಣಿ ಕಡೆಯ ಎತ್ತೊಂದು ಹಗ್ಗ ಬಿಚ್ಚುವಾಗ ಒದೆಯಿತು. ಸೊಂಟದ ಎಲುಬು ಬಿರಿಯಿತು. ಮೂರು ತಿಂಗಳು ಹಾಸಿಗೆ. ನಾಲ್ಕನೆಯ ತಿಂಗಳಿಗೆ ಹಂಗಾಮು ಬಂತು, ಬಾಗಿಲಲ್ಲಿ ಎತ್ತುಗಳು ಬಂದು ನಿಂತವು, ಇವನಿಗೆ ಬಗ್ಗಲು ಬಾರದು. ಯಾರೋ ಬಂಡಿಯವನೇ ತನ್ನ ಅಂಗಿಯ ಕಿಸೆಯಿಂದ ಎರಡು ನೋವಿನ ಗುಳಿಗೆ ತೆಗೆದುಕೊಟ್ಟ. ಬಂಡಿ ಹೊಡೆಯುವವರಲ್ಲಿ ಅದು ಚಹಾದಷ್ಟೇ ಸಲೀಸು. ಎತ್ತಿಗೆ ಹಿಂಡಿ, ಆಳಿಗೆ ಗುಳಿಗೆ. ಆ ದಿನ ನಬಿಸಾಬ ಆರು ಎತ್ತಿಗೆ ನಾಲು ಬಡಿದ. "ಕಾಕಾ, ಸೊಂಟ ಐತೋ ಇಲ್ಲೋ ಅನ್ನೂದ ಮರತ ಹೋತು" ಎಂದು ನನ್ನ ಮುಂದೆ ಕುಣಿದಾಡಿದ. ಎರಡಿದ್ದದ್ದು ನಾಲ್ಕಾಯಿತು, ನಾಲ್ಕು ಎಂಟಾಯಿತು, ಎಂಟು ಹತ್ತಾಯಿತು. ಸೊಂಟ ಯಾವತ್ತೋ ವಾಸಿಯಾಗಿತ್ತು. ಗುಳಿಗೆ ನಿಲ್ಲಲಿಲ್ಲ.

ಹೆಂಡತಿ ಶಹಜಾದಬಿಗೆ ಇದು ತಿಳಿದದ್ದು ರಂಜಾನಿನಲ್ಲಿ. ನಬಿಸಾಬ ಹೆಂಡ ಮುಟ್ಟಿದವನಲ್ಲ, ಬೀಡಿ ಸೇದಿದವನಲ್ಲ, ಒಂದು ರೋಜಾ ಬಿಟ್ಟವನಲ್ಲ. ಮೊದಲೆಲ್ಲ ಉಪವಾಸದಲ್ಲೇ ಸಂಜೆ ತನಕ ಹತೋಡಿ ಎತ್ತುತ್ತಿದ್ದವನು ಈಗ ಮಧ್ಯಾಹ್ನ ತಿರುಗಿತೆಂದರೆ ಆಕಳಿಸುತ್ತಿದ್ದ. ಮೂಗು ಸುರಿಯುತ್ತಿತ್ತು, ಬಿಸಿಲಲ್ಲೇ ಮೈ ಮುಳ್ಳೇಳುತ್ತಿತ್ತು. "ಈ ಸಲ ರೋಜಾ ಬಿಗಿ ಐತಿ" ಎಂದು ಒಳಗೆ ಹೋಗಿ ಮುಸುಕೆಳೆದುಕೊಳ್ಳುತ್ತಿದ್ದ. ಸಂಜೆ ಖರ್ಜೂರದ ಜೊತೆ ಏನನ್ನೋ ಬಾಯಿಗೆ ಹಾಕಿಕೊಂಡರೆ ಅರ್ಧ ತಾಸಿನಲ್ಲಿ ಮದುಮಗನಂತೆ ಎದ್ದು ಬರುತ್ತಿದ್ದ. ಆಕೆ ಮೊಳೆಯ ಡಬ್ಬಿ ತೆರೆದು ನೋಡಿದಳು. ಮೊಳೆಗಿಂತ ಬರಿದಾದ ಗುಳಿಗೆಯ ಪಟ್ಟಿಗಳೇ ಹೆಚ್ಚಿದ್ದವು.

ಆಕೆ ನನ್ನ ಬಾಗಿಲಿಗೆ ಬಂದಳು. "ಮಾಮಾ, ನಿಮ್ಮ ಮಾತು ಕೇಳತಾರ, ನೀವ ಹೇಳ್ರಿ. ಇಷ್ಟ ವರ್ಷ ನಾ ಸಂಸಾರ ಮಾಡೀನಿ ಅಂತ ತಿಳದಿದ್ದೆ. ಗುಳಿಗಿ ಮಾಡೇತಿ."

ನಾನು ಹೇಳಿದೆ. ನಬಿಸಾಬ ಸಿಡಿದ. "ನಾ ಏನ ಸೆರೆ ಕುಡೀತೀನಾ? ಗಾಂಜಾ ಸೇದತೀನಾ? ಔಷಧ ತಿಂತೀನಿ. ಔಷಧ ತಿನ್ನಾವ್ನ ಅಮಲಿ ಅಂದ್ರ ನಿಮ್ಮ ಬಂಡಿಯವ್ರನ್ನೆಲ್ಲಾ ಏನಂತ ಕರೀಬೇಕ್ರಿ?"

"ಅವರನ್ನೂ ಅದನ್ನ ಅನ್ನು. ನೀ ಬಿಡು ಮೊದಲ."

"ಬಿಡಾಕ ಎಲ್ಲಿ ಹೋಗಬೇಕು? ಚಿಕ್ಕೋಡಿಗೆ. ಅಲ್ಲಿ ಹೆಸರು ಬರಕೋತಾರ. ನಿಮ್ಮವ್ರ ಹೆಸರು ಬಂದರ ಅದು ದವಾಖಾನಿ ರಜಿಸ್ಟರ ಆಗಿ ಉಳೀತೈತಿ. ನಮ್ಮವ್ರ ಹೆಸರು ಬಂದರ ಅದು ಎಲ್ಲಿತನಾ ಹೋಗತೈತೋ ಯಾರಿಗೆ ಗೊತ್ತು? ನಿಮ್ಮಾವ ಗುಳಿಗಿ ತಿಂದರ 'ಪಾಪ, ದುಡದ ದುಡದ ಸೊಂಟ ಹೋಗೇತಿ' ಅಂತಾರ. ನಮ್ಮಾವ ತಿಂದರ 'ಅವರ ಓಣಿ ಪೂರಾ ಹಂಗ' ಅಂತಾರ. ಸುಳ್ಳೇನ ಕಾಕಾ?"

ಆ ಮಾತನ್ನು ನಮ್ಮ ಕಟ್ಟೆಯ ಮೇಲೆ ಕೂತು ಆಡುವವರನ್ನು ನಾನು ಬಲ್ಲೆ. ಕೆಲವೊಮ್ಮೆ ಅಲ್ಲಿ ಚಹಾ ಕುಡಿಯುತ್ತ ನಾನೂ ಕೂತಿರುತ್ತಿದ್ದೆ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಎರಡು ದಿನ ಗುಳಿಗೆ ಎಲ್ಲೂ ಸಿಗಲಿಲ್ಲ. ನಬಿಸಾಬ ಎರಡು ದಿನ ನೆಲ ಕಚ್ಚಿ ಹೊರಳಿದ. ಎಲುಬಿನೊಳಗೆ ಇರುವೆ ಹರಿದಂತೆ ಎಂದು ಅವನೇ ಹೇಳಿದ್ದು. ಮೂರನೆಯ ದಿನ ಗುಳಿಗೆ ಸಿಕ್ಕಿತು, ಆದರೆ ಹಂಗಾಮಿನ ನಡುವೆ ಹೀಗಾದರೆ ಏನು ಗತಿ ಎಂಬ ಹೆದರಿಕೆ ಹೊಕ್ಕಿತು. ನಾನು ಬಿಸಿ ಕಬ್ಬಿಣಕ್ಕೆ ಪೆಟ್ಟು ಹಾಕಿದೆ. ನನ್ನ ಮೋಟರ್ ಗಾಡಿಯ ಹಿಂದೆ ಕೂರಿಸಿಕೊಂಡು ಚಿಕ್ಕೋಡಿಗೆ ಹೊರಟೆ. ಒಂದು ಸಂಸ್ಥೆಯವರು ಅಲ್ಲಿ ಚಟ ಬಿಡಿಸುವ ಕೇಂದ್ರ ನಡೆಸುತ್ತಾರೆ.

ಗೇಟಿನ ಹತ್ತಿರ ಇಳಿದವನು ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಕಿಸೆಯಲ್ಲಿಟ್ಟ.

"ಟೋಪಿ ಯಾಕ ತಗದ್ಯೋ?"

"ಒಳಗ ನಾ ಒಬ್ಬಾಂವ ಹೊಂಟೀನಿ ಕಾಕಾ. ಓಣೀನ ಕರಕೊಂಡ ಹೋಗೂದಿಲ್ಲ."

ಸಾಲಿನಲ್ಲಿ ನಿಂತಾಗ ಕಬ್ಬೂರಿನ ಬಂಡಿಯವ ಆಬಾಸಾಹೇಬ ಕಂಡ. ಕುಡುಕ ತಮ್ಮನನ್ನು ಕರೆತಂದಿದ್ದ. ನೋಡಿ ಹುಬ್ಬೇರಿಸಿದ. "ಏನ ನಾಲಬಂದ, ಇಲ್ಲಿ ಯಾವ ಎತ್ತು ಕೆಡವಾಕ ಬಂದಿಯಪಾ?"

"ನಿಮ್ಮ ಮನ್ಯಾಗಿಂದ ಒಂದು ತಪ್ಪಿಸಿಕೊಂಡ ಬಂದೈತಂತ, ಹುಡುಕಾಕತ್ತೀನ್ರಿ" ಎಂದ ನಬಿಸಾಬ. ಸುತ್ತಲಿನವರು ನಕ್ಕರು. ನಬಿಸಾಬನ ಕಿವಿ ಮಾತ್ರ ಕೆಂಪಾಗಿತ್ತು.

ಒಳಗೆ ದಾನೇಶ್ವರಿ ಎಂಬ ಸಿಸ್ಟರ್ ಕೂತಿದ್ದರು. ಸಣ್ಣ ವಯಸ್ಸು, ಗಟ್ಟಿ ದನಿ. ಇವನ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಹೇಳಿದರು, "ಕಾಕಾ, ನೀವು ತಿನ್ನೂ ಗುಳಿಗಿಯೊಳಗ ಅಫೀಮಿನ ಜಾತಿ ಔಷಧ ಐತ್ರಿ. ಮೈ ಅದಕ್ಕ ಹೊಂದಿಕೊಂಡೈತಿ. ನಿಮ್ಮ ತಪ್ಪಲ್ಲ. ನಾವು ನಾಲಿಗಿ ಕೆಳಗ ಇಟ್ಟಕೊಳ್ಳೂ ಗುಳಿಗಿ ಕೊಡತೀವಿ. ಮೊದಲ ಕೆಲವು ದಿನ ದಿನಾ ಬಂದು ನಮ್ಮ ಮುಂದ ತಗೋಬೇಕು. ಆಮೇಲೆ ವಾರದ್ದು ಮನಿಗೇ ಕೊಡತೀವಿ. ನಡುಕಿಲ್ಲ, ನೋವಿಲ್ಲ, ಕೆಲಸಾ ಮಾಡಬಹುದು."

"ಅದು ಯಾವ ಜಾತೀದು?"

ಸಿಸ್ಟರ್ ಸುಳ್ಳು ಹೇಳಲಿಲ್ಲ. "ಅದೂ ಅದ ಜಾತೀದರಿ."

"ಹಂಗಂದ್ರ ಹೆಂಡತೀನ ಬಿಡಿಸಿ ನಾದಿನೀನ ಕಟ್ಟಿದಂಗಾತಲ್ರಿ ಸಿಸ್ಟರ್. ಮಾವ ಅವನ!"

ಸಿಸ್ಟರ್ ನಕ್ಕುಬಿಟ್ಟರು. "ಈ ಮಗಳು ಜಗಳ ಮಾಡೂದಿಲ್ಲ ಕಾಕಾ. ಮನಿ ನಡಸ್ತಾಳ. ಆಮೇಲೆ ಹಗೂರಕ ತಾನ ತವರಿಗೆ ಹೋಗತಾಳ."

ಒಂದು ಕಟ್ಟುನಿಟ್ಟು ಹೇಳಿದರು. ಹಳೆಯ ಗುಳಿಗೆ ಮೈಯಲ್ಲಿ ತುಂಬಿರುವಾಗ ಹೊಸದನ್ನು ಕೊಟ್ಟರೆ ತ್ರಾಸು ಹೆಚ್ಚಾಗುತ್ತದೆ. ಆದ್ದರಿಂದ ಒಂದು ಇಡೀ ದಿನ ಏನೂ ತಿನ್ನದೆ ಇರಬೇಕು. ಮೈ ಕೈ ಹಿಡಿಯತೊಡಗಿದ ಮೇಲೆ ಮರುದಿನ ಬೆಳಿಗ್ಗೆ ಬರಬೇಕು. "ಆ ಒಂದ ದಿನ ಕೆಲಸಾ ಮಾಡಬ್ಯಾಡ್ರಿ. ಮಲಕೊಂಡಬಿಡ್ರಿ" ಎಂದು ಎರಡು ಸಲ ಹೇಳಿದರು. ಬುಧವಾರ ಖಾಲಿ ಇರುವುದು, ಗುರುವಾರ ಬರುವುದು ಎಂದು ಗೊತ್ತಾಯಿತು.

ಆ ಸೋಮವಾರವೇ ಕಾರ್ಖಾನೆಯ ಭೋಂಗಾ ಕೂಗಿ ಹಂಗಾಮು ಸುರುವಾಗಿತ್ತು.

ಬುಧವಾರ ಬೆಳಿಗ್ಗೆ ಶಹಜಾದಬಿ ಹತೋಡಿ, ಉಳಿ, ಮೊಳೆಯ ಡಬ್ಬಿ ಎಲ್ಲವನ್ನೂ ಹಿಟ್ಟಿನ ಹರವಿಯ ಹಿಂದೆ ಬಚ್ಚಿಟ್ಟಳು. ಮುಂಬಾಗಿಲು ಹಾಕಿಕೊಂಡಳು. ಬಂದ ಎರಡು ಬಂಡಿಯವರಿಗೆ ಕಿಟಕಿಯಿಂದಲೇ "ನಿಪ್ಪಾಣಿಗೆ ಹೋಗ್ಯಾರ" ಎಂದಳು. ನಾನು ಒಳಗೆ ನಬಿಸಾಬನ ಹತ್ತಿರ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವನ ಹಲ್ಲು ಕಟಕಟ ಎನ್ನತೊಡಗಿದವು. ಎರಡು ಕೌದಿ ಹೊದಿಸಿದರೂ ಚಳಿ, ಕೌದಿಯೊಳಗೆ ಬೆವರು. "ಕಾಕಾ, ನಾಳೆ ಎಷ್ಟ ದೂರ ಐತ್ರಿ?" ಎಂದು ಕೇಳುತ್ತಿದ್ದ. ಹೊತ್ತು ಮುಳುಗಲು ಇನ್ನು ನಾಲ್ಕು ತಾಸು ಎಂದೆ. "ಹಂಗಾದ್ರ ದಾಟತೀನಿ" ಎಂದ.

ಆಗ ಬೀದಿಯಲ್ಲಿ ಕೂಗು ಕೇಳಿತು. "ನಬಿಭಾಯ್! ಅಹೋ ನಬಿಭಾಯ್!"

ರಾಯಬಾಗ ಕಡೆಯ ಸಂಭಾಜಿ. ಕಬ್ಬು ತುಂಬಿದ ಬಂಡಿ ಓಣಿಯ ಬಾಯಲ್ಲಿ ನಿಂತಿತ್ತು. ಎಡಗಡೆಯ ಎತ್ತು ಸರ್ಜಾನ ಮುಂಗಾಲಿನ ನಾಲು ಎರಡೂ ಕಿತ್ತುಹೋಗಿ, ಡಾಂಬರಿನ ಮೇಲೆ ಎರಡು ಮೈಲಿ ಬರಿಗಾಲಲ್ಲಿ ಎಳೆದು ಗೊರಸಿನ ಅಂಚು ಒಡೆದಿತ್ತು. ಇವತ್ತು ಬಂಡಿ ಕಾರ್ಖಾನೆ ಮುಟ್ಟದಿದ್ದರೆ ಅವನ ಪಾಳಿ ತಪ್ಪುತ್ತಿತ್ತು.

"ಇಲ್ರಿ ಅವರು. ಊರಿಗೆ ಹೋಗ್ಯಾರ" ಎಂದಳು ಶಹಜಾದಬಿ.

"ವಹಿನಿ, ಹಿಂಗ ಮಾಡಬ್ಯಾಡ್ರಿ. ಎತ್ತಿನ ಕಾಲ ನೋಡ್ರಿ ಒಮ್ಮೆ. ನೆತ್ತರ ಬರಾಕತ್ತೈತಿ."

ಕೌದಿಯೊಳಗೆ ನಬಿಸಾಬ ಎದ್ದು ಕೂತ. ನಾನು ಭುಜ ಹಿಡಿದೆ. "ಕಾಕಾ, ಬರಿಗಾಲ ಎತ್ತ ಐತ್ರಿ" ಎಂದ. ಸಿಸ್ಟರ್ ಹೇಳಿದ್ದನ್ನು ನೆನಪಿಸಿದೆ. "ಸಿಸ್ಟರ್ ಹೇಳಿದ್ದ ಸರಿ. ಅಪ್ಪ ಹೇಳಿದ್ದ?" ಎಂದ. ಆಗ ಕೈ ಬಿಡಬಾರದಿತ್ತು. ಬಿಟ್ಟೆ.

ಅವನು ಹರವಿಯ ಹಿಂದಿನ ಡಬ್ಬಿ ಎಳೆದುಕೊಂಡು ಹೊರಬಂದ. ಎತ್ತನ್ನು ಕೆಡವಿದ, ಕಾಲು ಕಟ್ಟಿದ. ಅದನ್ನು ಮೈಯೇ ಮಾಡಿತು, ಮೂವತ್ತು ವರ್ಷದ ರೂಢಿ. ಮೊದಲ ನಾಲು ಕೂತಿತು. ಎರಡನೆಯದಕ್ಕೆ ಮೊಳೆ ಹಿಡಿದಾಗ ಬೆರಳು ಅಲುಗುತ್ತಿದ್ದವು. ಮೂಗಿನಿಂದ ನೀರು ತೊಟ್ಟಿಕ್ಕಿ ಗೊರಸಿನ ಮೇಲೆ ಬೀಳುತ್ತಿತ್ತು. ಟಣ್. ಟಣ್. ಮೂರನೆಯ ಪೆಟ್ಟು ಟಪ್ ಎಂದಿತು. ಕಿವಿಗೆ ಕೇಳಿತ್ತು, ಎತ್ತಿದ ಕೈ ನಿಲ್ಲಲಿಲ್ಲ. ನಾಲ್ಕನೆಯದೂ ಬಿತ್ತು.

ಸರ್ಜಾ ಕಟ್ಟಿದ ಕಾಲಿನಲ್ಲೇ ನೆಲದಿಂದ ಗೇಣೆತ್ತರ ಹಾರಿತು. ಅಂಥ ದನಿ ಎತ್ತಿನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮೊಳೆ ಕಿತ್ತರೆ ಹಿಂದೆಯೇ ಕರಿ ನೆತ್ತರು.

ಓಣಿಯ ಬಾಯಲ್ಲಿ ಬಂಡಿಯವರು ನೆರೆದಿದ್ದರು. ಅವರ ನಡುವಿನಿಂದ ಆಬಾಸಾಹೇಬನ ದನಿ ಬಂತು. "ಇಂವನ್ನ ಚಿಕ್ಕೋಡಿ ಅಮಲಿಗಳ ಸಾಲಿನ್ಯಾಗ ನಾ ಕಣ್ಣಾರೆ ನೋಡೀನಿ. ನಶಾ ಏರಿದಾವನ ಕೈಯಾಗ ಎತ್ತಿನ ಕಾಲ ಕೊಟ್ಟಿಯಲ್ಲೋ ಸಂಭಾಜಿ!"

ಒಂಬತ್ತು ವರ್ಷದಲ್ಲಿ ನಬಿಸಾಬ ತಾನಾಗಿಯೇ ಗುಳಿಗೆ ಬಿಟ್ಟ ದಿನ ಅದೊಂದೇ. ನಾನು ಅದನ್ನು ಕೂಗಿ ಹೇಳಿದೆ. ಹೇಳಬಾರದಿತ್ತು. "ಹಂಗಾದ್ರ ಉಳಿದ ದಿನ ಇತ್ತು ಅಂದಂಗಾತು" ಎಂದ ಆಬಾಸಾಹೇಬ. ಜನ ಹೋ ಎಂದರು.

ಸಂಭಾಜಿ ಎತ್ತಿನ ಕೊರಳು ತಬ್ಬಿಕೊಂಡು ಕೂತಿದ್ದ. ನಬಿಸಾಬ ಒಳಗೆ ಹೋದ. ಹೊರಬಂದಾಗ ಬಾಯಿ ಒರೆಸಿಕೊಳ್ಳುತ್ತಿದ್ದ. ಎಲ್ಲೋ ಆರು ಗುಳಿಗೆ ಉಳಿಸಿದ್ದನಂತೆ. ಅರ್ಧ ತಾಸಿನಲ್ಲಿ ಕೈ ಕಲ್ಲಿನಂತೆ ನಿಂತಿತು. ಆ ಕೈಯಿಂದ ಎತ್ತಿನ ಗಾಯ ತೊಳೆದು, ಅರಿಶಿಣ ಮೆತ್ತಿ, ಗೋಣಿಯ ಪಟ್ಟಿ ಕಟ್ಟಿದ. ನೋಡಿದವರು ಹೊಗಳಬೇಕು, ಅಷ್ಟು ನೆಟ್ಟಗೆ ಕಟ್ಟಿದ. ಸಂಭಾಜಿಗೆ ಹೇಳಿದ, "ಹಿತ್ತಲದಾಗ ನನ್ನ ಎತ್ತ ಐತಿ, ಅದನ್ನ ಹೂಡಕೊಂಡ ಬಂಡಿ ಮುಟ್ಟಸ್ರಿ. ನಿಮ್ಮ ಸರ್ಜಾ ಇಲ್ಲೇ ಇರತೈತಿ."

ಗುರುವಾರ ನಾನು ಗಾಡಿ ತೆಗೆದುಕೊಂಡು ಹೋದೆ. ಅವನು ಏಳಲಿಲ್ಲ. ಎತ್ತಿಗೆ ಮುಂಜಾನೆ ಸಂಜೆ ಬೇವಿನ ಸೊಪ್ಪಿನ ಬಿಸಿನೀರು ಹಾಕಬೇಕು, ಬಿಟ್ಟು ಬರಲಾರೆ ಎಂದ. ಶಹಜಾದಬಿ ತಾನು ಹಾಕುತ್ತೇನೆಂದಳು. "ಮೊಳಿ ನಿಂದಲ್ಲ" ಎಂದು ಆಕೆಯ ಬಾಯಿ ಮುಚ್ಚಿಸಿದ.

ಇಪ್ಪತ್ಮೂರು ದಿನ ಸರ್ಜಾ ಆ ಬಾಗಿಲಲ್ಲಿ ನಿಂತಿತು. ಕಾರ್ಖಾನೆಗೆ ಹೋಗುವ ಬಂಡಿಗಳೆಲ್ಲ ಅದನ್ನು ನೋಡಿಕೊಂಡೇ ಹೋಗಬೇಕು. ಕೆಲವರು ಎತ್ತನ್ನು ಶೇಡಬಾಳದ ಕಡೆಯ ನಾಲಬಂದನಲ್ಲಿಗೆ ಹೊಡೆದುಕೊಂಡು ಹೋದರು. ಇವನ ಬಾಗಿಲಿಗೆ ಬಂದವರು ಮೊದಲು ಕೈ ನೋಡುತ್ತಿದ್ದರು. ಒಬ್ಬನಂತೂ "ಕೈ ಚಾಚ್ರಿ ನೋಡೂಣ" ಎಂದೇಬಿಟ್ಟ. ನಬಿಸಾಬ ಚಾಚಿದ. ಅಲುಗಲಿಲ್ಲ. ಅಲುಗದಿರಲು ದಿನಕ್ಕೆ ಈಗ ಹದಿನಾಲ್ಕು ಬೇಕಿತ್ತು. ಕೈ ನೆಟ್ಟಗಿದ್ದರೆ ಊರು ಅವನನ್ನು ಶುದ್ಧ ಎನ್ನುತ್ತಿತ್ತು, ನಡುಗಿದರೆ ಅಮಲಿ ಎನ್ನುತ್ತಿತ್ತು. ನಿಜ ಅದರ ತದ್ವಿರುದ್ಧ ಎಂದು ಬಲ್ಲವರು ನಾವು ಮೂವರೇ.

ಇಪ್ಪತ್ಮೂರನೆಯ ದಿನ ನಬಿಸಾಬ ಎತ್ತನ್ನು ಮಸೀದಿಯ ಮುಂದಿನ ಕಲ್ಲುಹಾಸಿನ ಮೇಲೆ ನಡೆಸಿದ. ಕುಂಟಲಿಲ್ಲ. ಸಂಭಾಜಿ ಬಂದು ಎತ್ತಿನ ಹಣೆಗೆ ಭಂಡಾರ ಹಚ್ಚಿ, "ಬರತೀನಿ ನಬಿಭಾಯ್" ಎಂದು ಹೊಡೆದುಕೊಂಡು ಹೋದ. ಗೂಟ ಬರಿದಾಯಿತು. ಈಗ ಹೇಳಲು ನೆಪ ಉಳಿಯಲಿಲ್ಲವೆಂದು ನಾನೇ ದಾನೇಶ್ವರಿ ಸಿಸ್ಟರ್‌ಗೆ ಫೋನು ಮಾಡಿದೆ. ಮಧ್ಯಾಹ್ನ ಅವರು ಸ್ಕೂಟಿಯ ಮೇಲೆ ಬಂದರು. ಶಹಜಾದಬಿ ಚಹಾಕ್ಕಿಟ್ಟು, ಬಾಗಿಲ ಹಿಂದೆ ನಿಂತಳು.

"ಕಾಕಾ, ಆ ಒಂದ ದಿನದ್ದಲ್ಲೇನ್ರಿ ತ್ರಾಸು?" ಎಂದರು ಸಿಸ್ಟರ್. "ಆ ದಿನ ಮನ್ಯಾಗ ಇರೂದ ಬ್ಯಾಡ. ನಮ್ಮಲ್ಲೇ ಹಾಸಿಗಿ ಐತಿ, ಮೂರ ದಿನ ಇರ್ರಿ. ಯಾವ ಎತ್ತೂ ಅಲ್ಲಿಗೆ ಬರೂದಿಲ್ಲ. ಹೆಸರು ನಾವು ಯಾರಿಗೂ ಹೇಳೂದಿಲ್ಲ, ಪೊಲೀಸರಿಗೂ ಇಲ್ಲ. ನಾ ಮಾತು ಕೊಡತೀನಿ."

"ಹೋಗೋ ನಬಿ" ಎಂದೆ. "ನಾನೂ ಜೋಡಿ ಇರತೀನಿ."

ಬಾಗಿಲ ಹಿಂದಿನಿಂದ ಶಹಜಾದಬಿ ಒಂದೇ ಮಾತು ಅಂದಳು. "ಮೂರ ದಿನ. ಸರ್ಜಾಗ ಇಪ್ಪತ್ಮೂರ ಕೊಟ್ಟೀರಿ."

ನಬಿಸಾಬ ಬರಿದಾದ ಗೂಟದ ಕಡೆ ನೋಡಿದ. ಗೂಟದ ಸುತ್ತ ನೆಲ ಸರ್ಜಾನ ಗೊರಸಿನಿಂದ ಅಗೆದು ದುಂಡಗಾಗಿತ್ತು. ಆಮೇಲೆ ಸಿಸ್ಟರ್ ಕಡೆ ತಿರುಗಿದ.

"ಸಿಸ್ಟರ್, ನೀವು ಎತ್ತು ಕೆಡವೂದ ನೋಡೀರೇನ್ರಿ? ನಾಲ್ಕೂ ಕಾಲು ಬಿಗಿದ ಎತ್ತು ಸುಮ್ನ ಬಿದ್ದಿರತೈತಿ. ಅದಕ್ಕ ಏನೂ ಆಗೂದಿಲ್ಲ. ಕಾಲು ಮುರಕೊಳ್ಳೂದು ಹಗ್ಗ ಅರ್ಧ ಬಿಚ್ಚಿದಾಗ, ಬಿಟ್ಟರು ಅಂತ ತಿಳದು ಏಳಾಕ ಹೋಗತೈತಿ ನೋಡ್ರಿ, ಆವಾಗ. ನನ್ನ ಸೊಂಟ ಮುರದದ್ದೂ ಅಂಥಾ ಹೊತ್ತಿನ್ಯಾಗ. ನಿಮ್ಮ ಮಾತು ನಂಬತೀನಿ. ನಿಮ್ಮ ಗುಳಿಗೀನೂ ನಂಬತೀನಿ. ಆದ್ರ ನನ್ನ ಗುಳಿಗಿಗೂ ನಿಮ್ಮ ಗುಳಿಗಿಗೂ ನಡುವ ಒಂದು ದಿನ ಐತಲ್ರಿ, ಅದನ್ನ ನಾ ದಾಟೂದಿಲ್ಲ. ಮೂರ ದಿನ ಅಲ್ಲಿ ಮಲಗಿದರ ನಾಲಬಂದ ಎಲ್ಲಿ ಹೋದ ಅಂತ ಎತ್ತ ಕೇಳೂದಿಲ್ಲ, ಜನ ಕೇಳತಾರ. ಹೇಳಾಕ ಆಬಾಸಾಹೇಬ ಅದಾನ. ಆಮೇಲೆ ನನ್ನ ಕೈ ಎಷ್ಟ ನೆಟ್ಟಗಿದ್ದರೂ ಅವರಿಗೆ ಅದು ನಡಗೂದ ಕಾಣತೈತಿ. ನಮ್ಮಪ್ಪ, ನಮ್ಮಜ್ಜ ಮಾಡಿಟ್ಟ ಹೆಸರು ಇನ್ನೊಂದ ಮೊಳಿ ತಡಿಯೂದಿಲ್ಲ. ನಾ ಬಿದ್ದೀನಿ, ಬಿದ್ದಲ್ಲೇ ಇರತೀನಿ. ಹಗ್ಗ ಮುಟ್ಟಬ್ಯಾಡ್ರಿ. ಚಹಾ ಕುಡೀರಿ, ನಿಮ್ಮ ರಜಿಸ್ಟರನ್ಯಾಗ ನನ್ನ ಹೆಸರ ಮ್ಯಾಲ ಗೀಟ ಹಾಕ್ರಿ."